ಓದುವ ಮಕ್ಕಳಿಗೆ ರಾಜಕೀಯ ಬೇಡವೆನ್ನುವವರಿಗೆ ನಮ್ಮ ಉತ್ತರ

"ವಿದ್ಯಾರ್ಥಿಗಳು ಓದಬೇಕು, ರಾಜಕೀಯದ ಗೊಡವೆ ಅವರಿಗೇಕೆ?" ಈ ಮಾತನ್ನು ನಾವು ಕೇಳಿ ಕೇಳಿ ಬೇಸತ್ತಿದ್ದೇವೆ. ವೇದಿಕೆಯ ಮೇಲೆ ಹಾರ ಹಾಕಿಸಿಕೊಂಡ ಮಹನೀಯರು ಇದನ್ನು ಹೇಳುತ್ತಾರೆ. ಕಾಲೇಜುಗಳನ್ನು ಕಟ್ಟಿಸಿ ಕೋಟ್ಯಧೀಶರಾದವರು ಹೇಳುತ್ತಾರೆ. ದುಃಖದ ಸಂಗತಿಯೆಂದರೆ, ಹೋಟೆಲಿನ ಅಡಿಗೆಮನೆಯ ಹೊಗೆಯಲ್ಲಿ ಬೆಂದ ನಮ್ಮವರೂ, ಗಿರಣಿಯ ಪಾಳಿಯಲ್ಲಿ ಕಿವಿ ಮಂದವಾದ ನಮ್ಮ ಹಿರಿಯರೂ ತಮ್ಮ ಮಕ್ಕಳಿಗೆ ಇದನ್ನೇ ಬೋಧಿಸುತ್ತಾರೆ. ಮಹನೀಯರು ಹೇಳುವುದು ಅವರ ಲಾಭಕ್ಕಾಗಿ. ನಮ್ಮವರು ಹೇಳುವುದು ಭಯದಿಂದ. ಆದರೆ ನಮ್ಮವರ ಭಯವೇ ಆ ಮಹನೀಯರ ಬಂಡವಾಳವಾಗಿದೆ. ಆದುದರಿಂದ ಈ ವಿಷಯವನ್ನು ಇಂದು ಬಿಚ್ಚಿ ಹೇಳಲೇಬೇಕಾಗಿದೆ.

ಮೊದಲು, ಯಾರ ಮಕ್ಕಳ ಮಾತು ಇದು? ಕುಂದಾಪುರ, ಕಾರ್ಕಳ, ಉಡುಪಿಯ ಕಡೆಯಿಂದ ಎಳೆಯ ಪ್ರಾಯದಲ್ಲೇ ಬಂದು ಲೋಟ ತೊಳೆದು, ಮಾಣಿಯಾಗಿ, ಸಪ್ಲೈಯರ್ ಆಗಿ, ಮೇಜಿನ ಸಂದಿಯಲ್ಲಿ ಚಾಪೆ ಹಾಸಿ ಮಲಗಿ ಬಾಳು ಕಟ್ಟಿದವರ ಮಕ್ಕಳ ಮಾತು. ವಿಜಾಪುರ, ಕಲಬುರ್ಗಿಯ ಕಡೆಯಿಂದ ಬರಗಾಲಕ್ಕೆ ಊರು ಬಿಟ್ಟು ಬಂದು ಗಿರಣಿಯಲ್ಲೋ ಕಟ್ಟಡದ ಕೆಲಸದಲ್ಲೋ ಬದಲಿಯಾಗಿ ನಿಂತವರ ಮಕ್ಕಳ ಮಾತು. ಅಪ್ಪನಿಗೆ ಅರ್ಜಿಯ ಮೇಲೆ ಸಹಿ ಹಾಕುವುದೇ ಸಾಹಸವಾಗಿತ್ತು. ಮಗಳು ಇಂದು ಗಣೇಶಖಿಂಡದ ವಿದ್ಯಾಪೀಠದ ಮೆಟ್ಟಿಲು ಹತ್ತುತ್ತಿದ್ದಾಳೆ. ಆ ಮೆಟ್ಟಿಲ ಮೇಲೆ ನಿಂತು ಅವಳು ಬಾಯಿ ತೆರೆಯಬಹುದೇ ಬೇಡವೇ ಎಂಬುದು ಪ್ರಶ್ನೆ.

ನೆಲದ ಕಾನೂನು ಏನು ಹೇಳುತ್ತದೆ? ಸಂವಿಧಾನದ 61ನೆಯ ತಿದ್ದುಪಡಿಯಿಂದ 1989ರಲ್ಲಿ ಮತದಾನದ ವಯಸ್ಸು 21ರಿಂದ 18ಕ್ಕೆ ಇಳಿಯಿತು. ಹದಿನೆಂಟು ತುಂಬಿದ ಹುಡುಗ ದೇಶದ ಸರಕಾರವನ್ನು ಆರಿಸಬಲ್ಲ. ಇಪ್ಪತ್ತೊಂದು ತುಂಬಿದರೆ ಪುಣೆಯ ಮಹಾನಗರಪಾಲಿಕೆಗೆ ತಾನೇ ಅಭ್ಯರ್ಥಿಯಾಗಿ ನಿಲ್ಲಬಲ್ಲ. ಆದರೆ ತನ್ನ ಕಾಲೇಜಿನಲ್ಲಿ ಕುಡಿಯುವ ನೀರಿನ ನಲ್ಲಿ ಏಕೆ ಕೆಟ್ಟಿದೆ, ಹಾಸ್ಟೆಲಿನಲ್ಲಿ ಸೀಟು ಯಾರಿಗೆ ಹೋಯಿತು, ಪರೀಕ್ಷೆಯ ಶುಲ್ಕ ಏಕೆ ಏರಿತು ಎಂದು ಕೇಳುವ ಪ್ರತಿನಿಧಿಯನ್ನು ಆರಿಸಲು ಮಾತ್ರ ಅವನಿಗೆ ಪ್ರಾಯ ಸಾಲದಂತೆ! ದೇಶ ಆಳುವವರನ್ನು ಆರಿಸುವ ಬುದ್ಧಿ ಉಂಟು, ತರಗತಿಯ ಮುಖಂಡನನ್ನು ಆರಿಸುವ ಬುದ್ಧಿ ಇಲ್ಲ ಎಂದರೆ ಯಾರು ನಂಬಬೇಕು?

ಮಹಾರಾಷ್ಟ್ರದಲ್ಲಿ ಮೊದಲು ಕಾಲೇಜು ಚುನಾವಣೆಗಳು ಇದ್ದವು. 1989ರಲ್ಲಿ ಮುಂಬಯಿಯಲ್ಲಿ ಈ ಚುನಾವಣೆಯ ವೈಷಮ್ಯದಲ್ಲಿ ಒಬ್ಬ ವಿದ್ಯಾರ್ಥಿಯ ಕೊಲೆಯಾಯಿತು. ಘೋರವಾದ ಕೃತ್ಯ, ಅದನ್ನು ಯಾರೂ ಸಮರ್ಥಿಸುವುದಿಲ್ಲ. ಆದರೆ ಸರಕಾರ ಮಾಡಿದ್ದೇನು? ಕೊಲೆಗಡುಕರನ್ನು ಸಾಕಿದ ದೊಡ್ಡವರನ್ನು ಹಿಡಿದು ಕೇಳುವ ಬದಲು, 1990ರ ದಶಕದ ಮೊದಲಲ್ಲಿ ಲಕ್ಷಾಂತರ ನಿರಪರಾಧಿ ವಿದ್ಯಾರ್ಥಿಗಳ ಮತವನ್ನೇ ಕಿತ್ತುಕೊಂಡಿತು. ನೆಗಡಿ ಬಂತೆಂದು ಮೂಗು ಕೊಯ್ದಂತೆ ಆಯಿತು. ವಿಧಾನಸಭೆಯ ಚುನಾವಣೆಯಲ್ಲಿ ರಕ್ತ ಹರಿದದ್ದಿಲ್ಲವೇ? ಅದಕ್ಕಾಗಿ ವಿಧಾನಸಭೆಗೆ ಬೀಗ ಹಾಕಿದರೇ?

ಚುನಾವಣೆಯ ಜಾಗದಲ್ಲಿ ಬಂದದ್ದನ್ನು ನೋಡಿರಿ. 1994ರ ವಿದ್ಯಾಪೀಠ ಕಾಯ್ದೆಯ ಪ್ರಕಾರ ಹಿಂದಿನ ಪರೀಕ್ಷೆಯಲ್ಲಿ ಹೆಚ್ಚು ಅಂಕ ಪಡೆದವರು ಆಯಾ ತರಗತಿಯ ಪ್ರತಿನಿಧಿಗಳು. ಕ್ರೀಡೆ, ಎನ್.ಸಿ.ಸಿ., ಸೇವಾ ಯೋಜನೆ, ಸಾಂಸ್ಕೃತಿಕ ಚಟುವಟಿಕೆಗಳಿಗೆ ಪ್ರಾಂಶುಪಾಲರು ನೇಮಿಸಿದವರು ಪ್ರತಿನಿಧಿಗಳು. ಕೇಳಲು ಚೆನ್ನಾಗಿದೆ: ಜಾಣರಿಗೆ ಗೌರವ! ಆದರೆ ಸಂಜೆ ಐದರಿಂದ ರಾತ್ರಿ ಹನ್ನೊಂದರ ತನಕ ಹೋಟೆಲಿನಲ್ಲಿ ಬಿಲ್ಲು ಬರೆದು, ಬೆಳಿಗ್ಗೆ ಕಣ್ಣು ಉಜ್ಜುತ್ತ ಕಾಲೇಜಿಗೆ ಹೋಗುವ ಹುಡುಗ ಮೊದಲನೆಯ ಸ್ಥಾನಕ್ಕೆ ಬರುತ್ತಾನೆಯೇ? ಖಾಸಗಿ ಕ್ಲಾಸಿಗೆ ಸಾವಿರಾರು ರೂಪಾಯಿ ಸುರಿದವರ ಮಗನೊಡನೆ ಅವನ ಸ್ಪರ್ಧೆ. ಹೆಚ್ಚು ಕಷ್ಟ ಉಂಡವನಿಗೆ ಹೇಳಿಕೊಳ್ಳಲು ಹೆಚ್ಚು ಉಂಟು; ಅಂಥವನೇ ಪರಿಷತ್ತಿನ ಬಾಗಿಲ ಹೊರಗೆ. ಒಳಗಿದ್ದವನೋ ಪ್ರಾಂಶುಪಾಲರ ಕೃಪೆಯಿಂದ ಕುಳಿತವನು. ಅವರನ್ನು ಅವನು ಪ್ರಶ್ನಿಸುವುದುಂಟೇ? ಕಾರ್ಖಾನೆಯ ಕಾರ್ಮಿಕ ಸಂಘದ ಕಾರ್ಯದರ್ಶಿಯನ್ನು ಮ್ಯಾನೇಜರರು ನೇಮಿಸಿದರೆ ನಾವು ಅದನ್ನು ಸಂಘವೆಂದು ಕರೆಯುತ್ತೇವೆಯೇ? ಧಣಿಗಳ ಸಂಘವೆಂದು ಉಗುಳುತ್ತೇವೆ.

ಆ ಮೇಲೆ ಕಣ್ಣೊರೆಸುವ ಕೆಲಸ ನಡೆಯಿತು. 2016ರ ಮಹಾರಾಷ್ಟ್ರ ಸಾರ್ವಜನಿಕ ವಿದ್ಯಾಪೀಠ ಕಾಯ್ದೆ ಪುನಃ ನೇರ ಚುನಾವಣೆಗೆ ಅವಕಾಶ ಕೊಟ್ಟಿತು. 2017ರ ಮಾರ್ಚಿನಲ್ಲಿ ಕಾಯ್ದೆ ಜಾರಿಗೆ ಬಂತು. ಕಾಗದದ ಮೇಲೆ ಹಕ್ಕು ಬಂತು, ಮತಪೆಟ್ಟಿಗೆ ಬರಲಿಲ್ಲ. 2019ರಲ್ಲಿ ವಿಧಾನಸಭೆಯ ಚುನಾವಣೆ ಅಡ್ಡ ಬಂತೆಂದರು. 2020ರಲ್ಲಿ ರೋಗದ ಕಾರಣ ಸಿಕ್ಕಿತು. ಸರಕಾರಕ್ಕೆ ಮನಸ್ಸಿಲ್ಲದಿದ್ದರೆ ನೆವಗಳಿಗೆ ಬರವೇ? ಕರ್ನಾಟಕದಲ್ಲಿಯೂ ದಶಕಗಳಿಂದ ಇದೇ ಕಥೆ. ಎರಡು ರಾಜ್ಯಗಳು ಗಡಿಗಾಗಿ ಸುಪ್ರೀಂ ಕೋರ್ಟಿನವರೆಗೆ ಹೋಗಿ ಜಗಳಾಡುತ್ತವೆ. ವಿದ್ಯಾರ್ಥಿಗಳ ಬಾಯಿ ಮುಚ್ಚಿಸುವುದರಲ್ಲಿ ಮಾತ್ರ ಅಣ್ಣತಮ್ಮಂದಿರಂತೆ ಒಂದಾಗುತ್ತವೆ!

ಚುನಾವಣೆ ನಡೆದರೆ ಹಣ, ಗೂಂಡಾಗಿರಿ ಬರುತ್ತದೆಯೆಂಬ ಆಕ್ಷೇಪಕ್ಕೆ ಉತ್ತರವನ್ನು ನಾವು ಹೊಸದಾಗಿ ಹುಡುಕಬೇಕಾಗಿಲ್ಲ. ಲಿಂಗ್ಡೊ ಸಮಿತಿಯ ಶಿಫಾರಸುಗಳನ್ನು ಜಾರಿಗೆ ತರಬೇಕೆಂದು ಸುಪ್ರೀಂ ಕೋರ್ಟು 2006ರಲ್ಲಿಯೇ ಆಜ್ಞೆ ಮಾಡಿತು. ಒಬ್ಬ ಅಭ್ಯರ್ಥಿ 5,000 ರೂಪಾಯಿಗಿಂತ ಹೆಚ್ಚು ಖರ್ಚು ಮಾಡಬಾರದು; ಅಚ್ಚು ಹಾಕಿಸಿದ ಭಿತ್ತಿಪತ್ರ ಬೇಡ, ಕೈಯಿಂದ ಬರೆದದ್ದು ಸಾಕು; ತರಗತಿಯಲ್ಲಿ ನೂರಕ್ಕೆ 75 ಹಾಜರಿ ಇರಬೇಕು; ವಯಸ್ಸಿನ ಮಿತಿ ಇರಬೇಕು; ರಾಜಕೀಯ ಪಕ್ಷಗಳ ಹಣ ಬರಕೂಡದು. ಹತ್ತು ವರ್ಷ ಒಂದೇ ತರಗತಿಯಲ್ಲಿ ಕುಳಿತು ನಾಯಕನೆನಿಸಿಕೊಳ್ಳುವ ಮೀಸೆ ಹಣ್ಣಾದ 'ವಿದ್ಯಾರ್ಥಿ'ಗೆ ಇಷ್ಟರಿಂದಲೇ ಬಾಗಿಲು ಮುಚ್ಚುತ್ತದೆ. ನಿಯಮ ಇದೆ, ನಡೆಸುವ ಮನಸ್ಸು ಇಲ್ಲ, ಅಷ್ಟೇ.

ಏಕೆ ಮನಸ್ಸಿಲ್ಲ? ಇಲ್ಲಿಯೇ ಗುಟ್ಟು ಇರುವುದು. 1983ರ ಸುಮಾರಿಗೆ ವಸಂತದಾದಾ ಪಾಟೀಲರ ಸರಕಾರ ಅನುದಾನವಿಲ್ಲದ ಖಾಸಗಿ ಇಂಜಿನಿಯರಿಂಗ್ ಕಾಲೇಜುಗಳಿಗೆ ಅನುಮತಿ ಕೊಟ್ಟಿತು. ಹೊರಗೆ ಹೋಗುತ್ತಿದ್ದ ವಿದ್ಯಾರ್ಥಿಗಳಿಗೆ ಇಲ್ಲಿಯೇ ಸ್ಥಳ ದೊರೆಯಿತೆಂಬುದು ನಿಜ. ಆದರೆ ಅದರೊಡನೆ ಹೊಸ ಧಣಿಗಳ ವರ್ಗವೂ ಹುಟ್ಟಿತು. ಜನ ಅವರಿಗೆ 'ಶಿಕ್ಷಣ ಸಾಮ್ರಾಟ'ರೆಂದು ಹೆಸರಿಟ್ಟರು. ಸಕ್ಕರೆ ಕಾರ್ಖಾನೆಯೂ ಅವರದೇ, ಪಕ್ಷವೂ ಅವರದೇ, ಕಾಲೇಜೂ ಅವರದೇ. ಶುಲ್ಕ ಗೊತ್ತುಮಾಡುವವರು, ಮಂತ್ರಿಯಾಗುವವರು, 'ವಿದ್ಯಾರ್ಥಿಗೆ ರಾಜಕೀಯ ಬೇಡ' ಎಂದು ಭಾಷಣ ಬಿಗಿಯುವವರು — ಎಲ್ಲ ಒಂದೇ ಮನೆಯವರು! ತಮ್ಮ ಮಗನಿಗೆ ಮೂವತ್ತು ತುಂಬುವ ಮೊದಲೇ ಟಿಕೇಟು ಕೊಡಿಸುವ ಇವರಿಗೆ, ನಿಮ್ಮ ಮಗ ಕಾಲೇಜಿನಲ್ಲಿ ಒಂದು ಮತ ಕೇಳಿದರೆ ದೇಶ ಹಾಳಾಗುತ್ತದೆಂಬ ಚಿಂತೆ. ರಾಜಕೀಯ ಅವರಿಗೆ ಪಿತ್ರಾರ್ಜಿತ ಆಸ್ತಿ. ನಮಗೆ ಮಾತ್ರ ಮೈಲಿಗೆಯೇ?

ಇನ್ನು ಪುಣೆಯ ಇತಿಹಾಸ. ಈ ವಿದ್ಯಾಪೀಠ ಸ್ಥಾಪನೆಯಾದದ್ದು 1949ರಲ್ಲಿ. 2014ರಲ್ಲಿ ಅದಕ್ಕೆ ಸಾವಿತ್ರಿಬಾಯಿ ಫುಲೆಯವರ ಹೆಸರು ಬಂತು. ಹೆಸರು ದೊಡ್ಡದು, ಹೆಸರಿನ ಹಿಂದಿನ ಬಾಳು ಇನ್ನೂ ದೊಡ್ಡದು. ಜೋತಿರಾವ್ ಮತ್ತು ಸಾವಿತ್ರಿಬಾಯಿ ದಂಪತಿಗಳು 1855ರಲ್ಲಿ ಇದೇ ಊರಿನಲ್ಲಿ ದುಡಿಯುವ ಜನರಿಗಾಗಿ ರಾತ್ರಿಶಾಲೆ ತೆರೆದರು. ಹಗಲು ದುಡಿದು ರಾತ್ರಿ ಅಕ್ಷರ ಕಲಿತ ನಮ್ಮ ಹೋಟೆಲಿನ ಹುಡುಗರೆಲ್ಲ ಆ ದೀಪದ ಬೆಳಕಿನವರೇ. 1897ರ ಪ್ಲೇಗಿನಲ್ಲಿ ಮನೆಯವರೇ ಮನೆಯವರನ್ನು ಬಿಟ್ಟು ಓಡುತ್ತಿದ್ದಾಗ, ಸಾವಿತ್ರಿಬಾಯಿ ರೋಗಿಗಳ ಆರೈಕೆ ಮಾಡುತ್ತ ತಾವೇ ಆ ರೋಗಕ್ಕೆ ತುತ್ತಾದರು. ಜೋತಿರಾಯರ ಒಡನಾಡಿ ನಾರಾಯಣ ಮೇಘಾಜಿ ಲೋಖಂಡೆಯವರು 1884ರಲ್ಲಿ ಮುಂಬಯಿಯ ಗಿರಣಿ ಕೆಲಸಗಾರರ ಸಂಘ ಕಟ್ಟಿದರು. ಅವರ ಹೋರಾಟದಿಂದ 1890ರಲ್ಲಿ ಗಿರಣಿಯವರಿಗೆ ಭಾನುವಾರದ ರಜೆ ಸಿಕ್ಕಿತು. ಶಿಕ್ಷಣ, ಸೇವೆ, ಹಕ್ಕಿನ ಹೋರಾಟ ಮೂರೂ ಒಂದೇ ಮನೆತನದ ಮಕ್ಕಳು. ಸಾವಿತ್ರಿಬಾಯಿಯ ಹೆಸರನ್ನು ಹೆಬ್ಬಾಗಿಲಿನ ಮೇಲೆ ಬರೆದು, ಒಳಗಿನ ಮಕ್ಕಳಿಗೆ 'ಸುಮ್ಮನಿರಿ' ಎನ್ನುವುದು ಆ ತಾಯಿಗೆ ಮಾಡುವ ಅವಮಾನ.

ಫರ್ಗ್ಯುಸನ್ ಕಾಲೇಜಿನಲ್ಲಿ ಪಾಠ ಹೇಳಿದ ಗೋಪಾಲಕೃಷ್ಣ ಗೋಖಲೆಯವರು 1905ರಲ್ಲಿ ಭಾರತ ಸೇವಕ ಸಮಾಜ ಕಟ್ಟಿದರು. ಓದಿದ ತರುಣರು ಸಂಬಳದ ಆಸೆ ಬಿಟ್ಟು ದೇಶದ ಕೆಲಸಕ್ಕೆ ಬರಬೇಕೆಂಬುದು ಅವರ ಉದ್ದೇಶ. ಆ ಸಮಾಜದ ನಾ. ಮ. ಜೋಶಿಯವರು ಮುಂಬಯಿಯ ಕಾರ್ಮಿಕರ ಚಾಳುಗಳಲ್ಲಿ ಸೇವೆಗೆ ತೊಡಗಿ, 1920ರಲ್ಲಿ ಅಖಿಲ ಭಾರತ ಕಾರ್ಮಿಕ ಸಂಘಟನೆಯನ್ನು ಕಟ್ಟಿದವರಲ್ಲಿ ಒಬ್ಬರಾದರು. ಡಾಂಗೆಯವರು ವಿದ್ಯಾರ್ಥಿಯಾಗಿದ್ದಾಗಲೇ ಚಳವಳಿಗೆ ಇಳಿದು ಕಾಲೇಜಿನಿಂದ ಹೊರಬಿದ್ದವರು. ಮುಂದೆ ಗಿರಣಿ ಕಾಮಗಾರರ ಮುಖಂಡರಾದರು. ಇವರೆಲ್ಲ 'ಮೊದಲು ಓದು, ಆಮೇಲೆ ಮನೆ, ಆಮೇಲೆ ಪೆನ್ಶನ್' ಎಂದು ಕುಳಿತಿದ್ದರೆ ನಮ್ಮ ಕೆಲಸದ ಗಂಟೆಗೆ ಮಿತಿ ಯಾವಾಗ ಬರುತ್ತಿತ್ತು? ಓದಿದವರು ಬೀದಿಗೆ ಇಳಿದದ್ದರ ಫಲವನ್ನು ದುಡಿಯುವವರಾದ ನಾವು ಉಂಡಿದ್ದೇವೆ. ಉಂಡವರೇ 'ಓದುವವರು ಬೀದಿಗೆ ಬರಬಾರದು' ಎಂದರೆ ಅದು ಕೃತಘ್ನತೆಯಲ್ಲವೇ?

ಕೆಲವರು ಇನ್ನೊಂದು ಜಾಣ ಮಾತು ಆಡುತ್ತಾರೆ: "ರಾಜಕೀಯ ಬೇಡ, ಸಮಾಜಸೇವೆ ಮಾಡಲಿ." ಒಳ್ಳೆಯದು. ಸೇವೆಯ ಲೆಕ್ಕವನ್ನೂ ನೋಡೋಣ. ಗಾಂಧೀ ಶತಾಬ್ದಿಯ ವರ್ಷವಾದ 1969ರಲ್ಲಿ 37 ವಿದ್ಯಾಪೀಠಗಳಲ್ಲಿ ರಾಷ್ಟ್ರೀಯ ಸೇವಾ ಯೋಜನೆ ಆರಂಭವಾಯಿತು. ವರ್ಷಕ್ಕೆ 120 ಗಂಟೆ ಸೇವೆ, ಒಂದು ವಾರದ ವಿಶೇಷ ಶಿಬಿರ. ಇದರಲ್ಲಿ ನಿಷ್ಠೆಯಿಂದ ದುಡಿದ ಹುಡುಗ ಹುಡುಗಿಯರು ಅನೇಕರಿದ್ದಾರೆ. ಅವರಿಗೆ ನಮ್ಮ ನಮಸ್ಕಾರ. ಆದರೆ ಅನೇಕ ಕಡೆ ನಡೆಯುವುದೇನು? ಹಳ್ಳಿಗೆ ಬಸ್ಸು ಹೋಗುತ್ತದೆ. ಹೊಸ ಪೊರಕೆ ಕೈಗೆ ಬರುತ್ತದೆ. ಗುಡಿಯ ಮುಂದಿನ ಕಸ ಗುಡಿಸಿ ಚಿತ್ರ ತೆಗೆಸಿಕೊಂಡು ಬರುತ್ತಾರೆ. ಮರುದಿನ ಅದೇ ಕಸ ಅಲ್ಲಿಯೇ. ಕಸವನ್ನು ದಿನವೂ ಬರಿಗೈಯಲ್ಲಿ ಎತ್ತುವವರು ಯಾರು, ಅವರಿಗೆ ಸಿಗುವ ಕೂಲಿ ಎಷ್ಟು ಎಂದು ಕೇಳಿದರೆ ಅದು ರಾಜಕೀಯವಾಗುತ್ತದಂತೆ!

ಆದರೆ ಇದೇ ಪುಣೆಯಲ್ಲಿ ಅದನ್ನು ಕೇಳಿದವರುಂಟು. ಎಸ್.ಎನ್.ಡಿ.ಟಿ. ಮಹಿಳಾ ವಿದ್ಯಾಪೀಠದ ವಯಸ್ಕರ ಶಿಕ್ಷಣ ವಿಭಾಗದವರು 1990ರ ಸುಮಾರಿಗೆ ಕಸ ಆಯುವ ಹೆಂಗಸರ ನಡುವೆ ಅಕ್ಷರ ಕಲಿಸಲು ಹೋದರು. ಹೋದ ಮೇಲೆ ತಿಳಿಯಿತು, ಅಕ್ಷರಕ್ಕಿಂತ ಮೊದಲು ಆ ಹೆಂಗಸರಿಗೆ ಬೇಕಾದದ್ದು ಕಳ್ಳಿಯರೆಂಬ ಕಳಂಕದಿಂದ ಬಿಡುಗಡೆ, ವಿಂಗಡಿಸಿದ ಕಸದ ಮೇಲೆ ಹಕ್ಕು, ಕೆಲಸಗಾರರೆಂಬ ಮಾನ್ಯತೆ. ಓದಿದ ಹೆಂಗಸರು ಅವರೊಡನೆ ಕಸದ ತೊಟ್ಟಿಯ ತನಕ ನಡೆದರು. 1993ರಲ್ಲಿ ಹಮಾಲರ ನಾಯಕ ಬಾಬಾ ಆಢಾವರ ಮಾರ್ಗದರ್ಶನದಲ್ಲಿ 'ಕಾಗದ ಕಾಚ ಪತ್ರಾ ಕಷ್ಟಕರಿ ಪಂಚಾಯತ್' ಎಂಬ ಸಂಘ ಹುಟ್ಟಿತು. ಸದಸ್ಯೆಯರಿಗೆ ಗುರುತಿನ ಚೀಟಿ ಬಂತು. ನಗರಪಾಲಿಕೆ ಅದನ್ನು ಮಾನ್ಯ ಮಾಡಿತು. 2008ರಲ್ಲಿ ಅವರದೇ 'ಸ್ವಚ್ಛ' ಸಹಕಾರಿ ಸಂಸ್ಥೆಗೆ ಮನೆಮನೆಯ ಕಸ ಸಂಗ್ರಹಿಸುವ ಕೆಲಸವನ್ನು ಪಾಲಿಕೆ ಒಪ್ಪಿಸಿತು. ಇದು ಸೇವೆಯೋ ರಾಜಕೀಯವೋ? ಬಂಧುಗಳೇ, ನಿಜವಾದ ಸೇವೆ ನಾಲ್ಕು ಹೆಜ್ಜೆ ಮುಂದೆ ಹೋದರೆ ಹಕ್ಕಿನ ಪ್ರಶ್ನೆಯ ಎದುರಿಗೆ ಬಂದು ನಿಲ್ಲುತ್ತದೆ. ಅಲ್ಲಿಂದ ಹಿಂದಕ್ಕೆ ತಿರುಗುವ ಸೇವೆ ಬರೇ ಭಿಕ್ಷೆ.

ನಾವು ಒಂದು ಕಡೆಯವರನ್ನಷ್ಟೇ ದೂರುವವರಲ್ಲ. ವಿದ್ಯಾರ್ಥಿಗಳ ಹೆಸರಿನಲ್ಲಿ ಮೆರೆಯುವ ಪಕ್ಷಗಳಿಗೂ ನಾಲ್ಕು ಮಾತು ಹೇಳಬೇಕು. ಯಾವ ಬಣ್ಣದ ಬಾವುಟವೇ ಆಗಲಿ, ಅದರ ಕೆಳಗೆ ಭಿತ್ತಿಪತ್ರ ಅಂಟಿಸುವವನು, ಲಾಠಿಯೇಟು ತಿನ್ನುವವನು, ಪೋಲೀಸ್ ಕೇಸಿಗೆ ಸಿಕ್ಕಿ ನೌಕರಿ ಕಳೆದುಕೊಳ್ಳುವವನು ಬಡವನ ಮಗ. ನಾಯಕನ ಮಗ ಆ ಹೊತ್ತಿಗೆ ಪರದೇಶದಲ್ಲಿ ಓದುತ್ತಿರುತ್ತಾನೆ. ದೇವರ, ಜಾತಿಯ, ಭಾಷೆಯ ಹೆಸರಿನಲ್ಲಿ ಕಲ್ಲು ಹೊರಿಸಿ ಕಳಿಸುವುದು ರಾಜಕೀಯ ಶಿಕ್ಷಣವಲ್ಲ, ಹುಡುಗರನ್ನು ಕೂಲಿಯಿಲ್ಲದೆ ದುಡಿಸುವುದು. 1969ರ ಫೆಬ್ರುವರಿಯಲ್ಲಿ ಗಡಿಯ ಹೆಸರಿನಲ್ಲಿ ಮುಂಬಯಿ ಹೊತ್ತಿ ಉರಿದಾಗ ಕಲ್ಲು ಬಿದ್ದದ್ದು ನಮ್ಮವರ ಹೋಟೆಲುಗಳ ಗಾಜಿಗೆ. ಎಸೆದವರಲ್ಲಿ ಕೆಲಸವಿಲ್ಲದ ತರುಣರೇ ಹೆಚ್ಚು. ಅವರಿಗೆ ಪ್ರಶ್ನೆ ಕೇಳುವ ರಾಜಕೀಯವನ್ನು ಯಾರಾದರೂ ಕಲಿಸಿದ್ದರೆ, 'ನಮಗೆ ಕೆಲಸ ಏಕಿಲ್ಲ?' ಎಂದು ಸರಕಾರವನ್ನು ಕೇಳುತ್ತಿದ್ದರು. ಲೋಟ ತೊಳೆಯುವ ಹುಡುಗನನ್ನು ಅಟ್ಟಿಸಿಕೊಂಡು ಹೋಗುತ್ತಿರಲಿಲ್ಲ. ತರುಣರಿಗೆ ಚುನಾವಣೆ, ಚರ್ಚೆ, ಸಭೆಗಳ ಬಾಗಿಲು ಮುಚ್ಚಿದರೆ ಕಲ್ಲಿನ ಬಾಗಿಲು ತಾನಾಗಿ ತೆರೆಯುತ್ತದೆ.

ಈಗ ನಮ್ಮವರ ಭಯದ ಮಾತು. "ನಾವು ಹೊರಗಿನವರು, ಹೊಟ್ಟೆಪಾಡಿಗೆ ಬಂದವರು. ನಮಗೇಕೆ ಊರ ಉಸಾಬರಿ? ಮಗ ಪಾಸಾಗಿ ನೌಕರಿ ಹಿಡಿದರೆ ಸಾಕು." ಈ ಮಾತಿನ ಹಿಂದಿನ ಸಂಕಟ ನಮಗೆ ತಿಳಿಯದ್ದಲ್ಲ. ಆದರೆ ಮೂರು ತಲೆಮಾರು ಈ ಊರಿನ ಎಂಜಲು ಬಳಿದು, ಈ ಊರಿನ ಬಟ್ಟೆ ನೇಯ್ದು, ಇಲ್ಲಿಯೇ ತೆರಿಗೆ ಕೊಟ್ಟು, ಇಲ್ಲಿಯೇ ಮಣ್ಣಾದವರು ಇನ್ನೂ ಎಷ್ಟು ಕಾಲ ಹೊರಗಿನವರು? ನಮ್ಮ ಮಕ್ಕಳು ಮರಾಠಿಯಲ್ಲಿ ಜಗಳಾಡುತ್ತಾರೆ, ಕನ್ನಡದಲ್ಲಿ ಅಳುತ್ತಾರೆ. ಎರಡೂ ಅವರ ಭಾಷೆಗಳೇ. ಧಾರವಾಡದಲ್ಲಿ ವಿದ್ಯಾಪೀಠ ಹುಟ್ಟುವ ಮೊದಲು ಆಲೂರ ವೆಂಕಟರಾಯರು, ಬೇಂದ್ರೆಯವರು ಫರ್ಗ್ಯುಸನ್ನಿನಲ್ಲಿ ಓದಿದರು. ಓದಿ ಮುಗಿಸಿ ಸುಮ್ಮನೆ ಕುಳಿತವರೇ ಅವರು? ಆಲೂರರು ಕರ್ನಾಟಕದ ಏಕೀಕರಣಕ್ಕೆ ಬಾಳನ್ನೇ ಸವೆಸಿದರು. ಮಂಗಳೂರಿನಿಂದ ಬರಿಗೈಯಲ್ಲಿ ಮುಂಬಯಿಗೆ ಬಂದ ಜಾರ್ಜ್ ಫರ್ನಾಂಡಿಸ್ ಹೋಟೆಲ್ ಕೆಲಸಗಾರರನ್ನೂ ಟ್ಯಾಕ್ಸಿಯವರನ್ನೂ ಸಂಘಟಿಸಿ, 1967ರ ಲೋಕಸಭಾ ಚುನಾವಣೆಯಲ್ಲಿ ಸ. ಕಾ. ಪಾಟೀಲರಂಥ ಘಟಾನುಘಟಿಯನ್ನು ಅದೇ ಮುಂಬಯಿಯಲ್ಲಿ ಸೋಲಿಸಿದರು. ಅವರ ಮುಂದಿನ ರಾಜಕೀಯವನ್ನು ಒಪ್ಪುವವರೂ ಉಂಟು, ಒಪ್ಪದವರೂ ಉಂಟು. ಆದರೆ 'ನಾನು ಹೊರಗಿನವನು' ಎಂದು ಅವರು ಮೂಲೆ ಹಿಡಿಯಲಿಲ್ಲವೆಂಬುದನ್ನು ಯಾರೂ ಅಲ್ಲಗಳೆಯಲಾರರು.

ಒಗ್ಗಟ್ಟಿನ ಬಲವನ್ನು ಪುಣೆಯ ವಿದ್ಯಾರ್ಥಿಗಳು ಕಣ್ಣೆದುರಿಗೇ ತೋರಿಸಿದ್ದಾರೆ. 2024ರ ಆಗಸ್ಟಿನಲ್ಲಿ ಮಹಾರಾಷ್ಟ್ರ ಲೋಕಸೇವಾ ಆಯೋಗದ ಪರೀಕ್ಷೆಯೂ ಬ್ಯಾಂಕಿನ ಪರೀಕ್ಷೆಯೂ ಒಂದೇ ದಿನ ಬಂದವು. ಖಾನಾವಳಿಯ ಊಟದ ಮೇಲೆ ವರ್ಷಗಟ್ಟಲೆ ಓದುವ ರೈತರ, ಕೂಲಿಗಾರರ ಮಕ್ಕಳು ಶಾಸ್ತ್ರಿ ರಸ್ತೆಯಲ್ಲಿ ಹಗಲೂ ರಾತ್ರಿ ಕುಳಿತರು. ಆಯೋಗ 25ನೆಯ ತಾರೀಖಿನ ಪರೀಕ್ಷೆಯನ್ನು ಮುಂದೂಡಬೇಕಾಯಿತು. ಆ ಹುಡುಗರು ಓದು ಕೆಡಿಸಿಕೊಳ್ಳಲು ಬೀದಿಗೆ ಬಂದಿರಲಿಲ್ಲ. ಓದಿದ್ದು ವ್ಯರ್ಥವಾಗದಿರಲೆಂದು ಬಂದಿದ್ದರು.

ಆದುದರಿಂದ ನಾವು ಹೇಳುವುದು ಇಷ್ಟು.

ಒಂದನೆಯದಾಗಿ, ಕಾಯ್ದೆಯಲ್ಲಿರುವ ನೇರ ಚುನಾವಣೆಯನ್ನು ಪ್ರತಿಯೊಂದು ಕಾಲೇಜಿನಲ್ಲಿ ನಡೆಸಬೇಕು. ಖರ್ಚಿನ ಮಿತಿಯನ್ನು ಕಟ್ಟುನಿಟ್ಟಾಗಿ ಕಾಯಬೇಕು. ರಾತ್ರಿ ಕಾಲೇಜಿನವರಿಗೂ ದುಡಿದು ಓದುವವರಿಗೂ ಮತ ಹಾಕುವ ಸಮಯ ಅನುಕೂಲವಾಗಿರಬೇಕು.

ಎರಡನೆಯದಾಗಿ, ಪುಣೆ ವಿದ್ಯಾಪೀಠದ 'ದುಡಿದು ಕಲಿ' ಯೋಜನೆಗೆ ಕರ್ಮವೀರ ಭಾವೂರಾವ್ ಪಾಟೀಲರ ಹೆಸರಿದೆ. 1919ರಲ್ಲಿ ರಯತ ಶಿಕ್ಷಣ ಸಂಸ್ಥೆ ಕಟ್ಟಿ, ಬಡ ಮಕ್ಕಳು ದುಡಿದು ಓದುವ ದಾರಿ ತೋರಿದವರು ಅವರು. ಅವರ ಪೂರ್ವಜರು ನಮ್ಮ ಮೂಡುಬಿದಿರೆಯ ಕಡೆಯವರೆಂದು ಹೇಳುತ್ತಾರೆ. ಅಂಥವರ ಹೆಸರಿನ ಯೋಜನೆಯಲ್ಲಿ ಗಂಟೆಯ ಕೂಲಿ ಹೊರಗಿನ ಕನಿಷ್ಠ ಕೂಲಿಗಿಂತ ಒಂದು ಪೈಸೆಯೂ ಕಡಿಮೆಯಿರಬಾರದು. ತಿಂಗಳ ಕೂಲಿ ತಿಂಗಳಿಗೆ ಕೈಸೇರಬೇಕು.

ಮೂರನೆಯದಾಗಿ, ಸೇವಾ ಯೋಜನೆಯ ಗಂಟೆಗಳು ರಾತ್ರಿಶಾಲೆಗಳಲ್ಲಿ, ಗುಡಿಸಲುಗಳಲ್ಲಿ, ಕೆಲಸಗಾರರ ಅರ್ಜಿ ಬರೆದುಕೊಡುವುದರಲ್ಲಿ ಸಲ್ಲಲಿ. ಭವಿಷ್ಯನಿಧಿಯ ಕಾಗದ ತುಂಬಲು ಬಾರದೆ ದಲ್ಲಾಳಿಗೆ ದುಡ್ಡು ಕೊಡುವ ನಮ್ಮ ಅಡಿಗೆಯವರಿಗೆ ಒಬ್ಬ ವಿದ್ಯಾರ್ಥಿ ವಾರಕ್ಕೆ ಎರಡು ಗಂಟೆ ಕೊಟ್ಟರೆ ಅದು ನೂರು ಶಿಬಿರಗಳಿಗೆ ಸಮ.

ನಾಲ್ಕನೆಯದು ನಮ್ಮ ಸಂಘಗಳಿಗೆ. ವರ್ಷಕ್ಕೊಮ್ಮೆ ಹೆಚ್ಚು ಅಂಕ ಪಡೆದವರಿಗೆ ಶಾಲು, ಹಣ್ಣಿನ ಬುಟ್ಟಿ ಕೊಟ್ಟರೆ ಕರ್ತವ್ಯ ಮುಗಿಯಲಿಲ್ಲ. ಕಾರ್ಯಕಾರಿ ಸಮಿತಿಯಲ್ಲಿ ವಿದ್ಯಾರ್ಥಿಗಳಿಗೆ ಸ್ಥಾನ ಕೊಡಿ, ಹುಡುಗಿಯರಿಗೂ ಕೊಡಿ. ಲೆಕ್ಕ ಕೇಳಲು ಬಿಡಿ. ಮನೆಯಲ್ಲಿ ಪ್ರಶ್ನೆ ಕೇಳಲು ಬಿಡದವರು ವಿದ್ಯಾಪೀಠದಲ್ಲಿ ಕೇಳು ಎಂದರೆ ನಗೆಪಾಟಲು.

ಕೊನೆಗೆ, ಓದುತ್ತಿರುವ ತಮ್ಮಂದಿರೇ, ತಂಗಿಯರೇ, ನಿಮಗೆ. ನಿಮ್ಮ ಅಪ್ಪನ ಬೆವರು ನಿಮ್ಮ ಶುಲ್ಕದಲ್ಲಿದೆ. ಅದನ್ನು ಮರೆತು ತರಗತಿ ಬಿಟ್ಟು ಅಲೆಯುವವನಿಗೆ ನಮ್ಮ ಬೆಂಬಲವಿಲ್ಲ. ಪಾಸಾಗಿರಿ, ಚೆನ್ನಾಗಿ ಪಾಸಾಗಿರಿ. ಆದರೆ ಪಾಸಾಗುವುದಷ್ಟೇ ಓದಲ್ಲ. ಯಾವ ಪಕ್ಷದ ಬಾಲವೂ ಆಗಬೇಡಿ, ಯಾರ ಕಲ್ಲನ್ನೂ ಹೊರಬೇಡಿ. ನಿಮ್ಮ ಪಕ್ಕದ ಬೆಂಚಿನ ಮರಾಠಿ ಕೂಲಿಕಾರನ ಮಗ ನಿಮ್ಮ ಅಣ್ಣ. ಅವನ ಶುಲ್ಕವೂ ನಿಮ್ಮ ಶುಲ್ಕವೂ ಒಂದೇ ಗಲ್ಲಾಪೆಟ್ಟಿಗೆಗೆ ಬೀಳುತ್ತದೆ. ಇಬ್ಬರೂ ಕೂಡಿ ಲೆಕ್ಕ ಕೇಳಿರಿ.

ತಾಯ್ತಂದೆಯರೇ, ಮಗ ಇಂದು ಕಾಲೇಜಿನಲ್ಲಿ ಬಾಯಿ ತೆರೆಯಲು ಕಲಿಯದಿದ್ದರೆ ನಾಳೆ ಕಚೇರಿಯಲ್ಲಿ, ಕಾರ್ಖಾನೆಯಲ್ಲಿ ತೆರೆಯಲಾರ. ನಾವು ತಲೆ ತಗ್ಗಿಸಿ ದುಡಿದದ್ದು ಅವರೂ ತಲೆ ತಗ್ಗಿಸಲೆಂದಲ್ಲ. ಅವರನ್ನು ತಡೆಯಬೇಡಿ, ಅವರ ಬೆನ್ನ ಹಿಂದೆ ನಿಲ್ಲಿರಿ.